ಗೆದ್ದಲು ಮದ್ದು ಮರವನ್ನು ಕಾಯುತ್ತದೆಯೇ? ನಿಮ್ಮ ನೆಲದಲ್ಲೇ ಗೂಟ ಹುಗಿದು ಪರೀಕ್ಷಿಸುವ ಕ್ರಮ

"ಬೇಲಿ ಗೂಟಕ್ಕೆ ಯಾವ ಮದ್ದು ಹಾಕಲಿ?", "ಸಿಲ್ವರ್ ಓಕ್ ಪಕಾಸಿಗೆ ಬೋರಿಕ್ ಸಾಕಾಗುತ್ತದೆಯೇ?", "ಗೇರು ಎಣ್ಣೆ ಹಚ್ಚಿದರೆ ಗೆದ್ದಲು ಬರುವುದಿಲ್ಲವಂತೆ, ನಿಜವೇ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಮದ್ದಿನ ಹೆಸರು ಹೇಳಿ ಮುಗಿಸಿದರೆ ಅದು ಸರಿಯಾದ ಉತ್ತರವಾಗುವುದಿಲ್ಲ. ಒಂದೇ ಮದ್ದು ಒಬ್ಬರ ತೋಟದಲ್ಲಿ ವರ್ಷಗಟ್ಟಲೆ ನಿಂತು, ಪಕ್ಕದ ತೋಟದಲ್ಲಿ ಒಂದೇ ಮಳೆಗಾಲಕ್ಕೆ ಸೋಲುವುದುಂಟು. ಮರದೊಳಗೆ ಮದ್ದು ಎಷ್ಟು ಹೋಯಿತು, ಎಷ್ಟು ಆಳಕ್ಕೆ ಇಳಿಯಿತು, ಮಳೆಗೆ ತೊಳೆದು ಹೋಗದೆ ಎಷ್ಟು ಉಳಿಯಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಈ ಮೂರನ್ನೂ ನೀವೇ ಅಳೆಯಬಹುದು.

ಇಲ್ಲಿ ಹೇಳುವುದು ಗೂಟ ಪರೀಕ್ಷೆಯ ಕ್ರಮ. ಮದ್ದು ಕೊಟ್ಟ ಗೂಟಗಳನ್ನೂ ಸಾದಾ ಗೂಟಗಳನ್ನೂ ಗೆದ್ದಲಿರುವ ನೆಲದಲ್ಲಿ ಅರ್ಧ ಹುಗಿದು, ಗೊತ್ತಾದ ಅವಧಿಗೊಮ್ಮೆ ತೆಗೆದು ಅಂಕ ಕೊಡುವುದು. ಪ್ರಯೋಗಾಲಯದವರು ಇದನ್ನು ಗ್ರೇವ್‌ಯಾರ್ಡ್ ಟೆಸ್ಟ್ ಎನ್ನುತ್ತಾರೆ. ಭಾರತೀಯ ಮಾನಕದಲ್ಲಿ ಐಎಸ್ 4833 ಇದಕ್ಕೇ ಮೀಸಲು. ಮರಕ್ಕೆ ಮದ್ದು ಕೊಡುವ ವಿಧಾನಗಳು ಐಎಸ್ 401ರಲ್ಲಿವೆ. ಮದ್ದನ್ನು ಮಾರಾಟ ಮಾಡುವ ಉದ್ದೇಶವಿದ್ದರೆ ನಿಮ್ಮದೇ ಪರೀಕ್ಷೆ ಸಾಲದು; ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಂಥ ಕಡೆ ಮಾನಕದ ಪ್ರಕಾರ ಮಾಡಿಸಬೇಕು. ಸ್ವಂತ ಬೇಲಿ, ಕೊಟ್ಟಿಗೆ, ಮನೆಗೆ ಯಾವುದು ತಾಳುತ್ತದೆ ಎಂದು ತಿಳಿಯಲು ಈ ಕ್ರಮ ಸಾಕು.

ಸೀಸೆಯ ಪರೀಕ್ಷೆಯನ್ನು ನಂಬಬೇಡಿ

ಬಹಳ ಜನ ಮಾಡುವುದು ಇದು: ಹುತ್ತ ಒಡೆದು ಒಂದು ಹಿಡಿ ಗೆದ್ದಲನ್ನು ಸೀಸೆಗೆ ಹಾಕಿ, ಮದ್ದು ಹಚ್ಚಿದ ಮರದ ಚೂರು ಇಡುತ್ತಾರೆ. ಮಾರನೆಯ ದಿನ ಎಲ್ಲ ಸತ್ತಿರುತ್ತವೆ. ಮದ್ದು ಗೆದ್ದಿತು ಎಂದು ತೀರ್ಮಾನ.

ನಮ್ಮಲ್ಲಿ ಹುತ್ತ ಕಟ್ಟುವ ಗೆದ್ದಲು ಹೆಚ್ಚಾಗಿ ಓಡಂಟೋಟರ್ಮಿಸ್ ಕುಲದವು. ಇವು ತಿಂದು ತಂದ ಮರವನ್ನು ಹುತ್ತದೊಳಗೆ ಬುಟ್ಟಿಯಂಥ ಗೂಡಿನಲ್ಲಿ ಪೇರಿಸಿ ಅದರ ಮೇಲೆ ಶಿಲೀಂಧ್ರ ಬೆಳೆಸುತ್ತವೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆ ಆ ಶಿಲೀಂಧ್ರದ್ದೇ. ಗೂಡು ಮತ್ತು ಶಿಲೀಂಧ್ರದಿಂದ ಬೇರೆ ಮಾಡಿದ ಕೆಲಸಗಾರ ಗೆದ್ದಲು ಸಾದಾ ಮರ ಕೊಟ್ಟರೂ ಕೆಲವೇ ದಿನಗಳಲ್ಲಿ ಸಾಯುತ್ತವೆ. ಸೀಸೆ ಒಣಗಿದ್ದರೆ ಒಂದೇ ರಾತ್ರಿ ಸಾಕು. ಆದ್ದರಿಂದ ಸೀಸೆಯಲ್ಲಿ ಸತ್ತ ಗೆದ್ದಲು ಮದ್ದಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಮದ್ದಿಲ್ಲದ ಮರವಿಟ್ಟ ಇನ್ನೊಂದು ಸೀಸೆ ಪಕ್ಕದಲ್ಲಿದ್ದರೆ ಆ ಭ್ರಮೆ ಅಲ್ಲೇ ಬಯಲಾಗುತ್ತಿತ್ತು. ಗೂಟ ಪರೀಕ್ಷೆಯ ಪ್ರಾಣವೂ ಈ ಹೋಲಿಕೆಯೇ.

ಬೇಕಾಗುವ ಸಾಮಾನು

ಗೂಟಕ್ಕೆ ಮರ, 1 ಗ್ರಾಂ ವ್ಯತ್ಯಾಸವನ್ನೂ ತೋರಿಸುವ ತಕ್ಕಡಿ, ಪ್ಲಾಸ್ಟಿಕ್ ತೊಟ್ಟಿ, ಅಲ್ಯೂಮಿನಿಯಂ ಪಟ್ಟಿ ಮತ್ತು ಮೊಳೆ, ಹಾರೆ, ತೆಳು ಸ್ಕ್ರೂಡ್ರೈವರ್, ಗಟ್ಟಿ ರಟ್ಟಿನ ಪುಸ್ತಕ, ರಬ್ಬರ್ ಕೈಗವಸು, ಕನ್ನಡಕ. ಗುರುತಿಗೆ ತಾಮ್ರದ ಪಟ್ಟಿ ಬೇಡ, ತಾಮ್ರವೇ ಒಂದು ಮರಮದ್ದು. ಕಾಗದದ ಚೀಟಿಯನ್ನು ಗೆದ್ದಲು ತಿನ್ನುತ್ತದೆ, ಬಣ್ಣದಲ್ಲಿ ಬರೆದದ್ದು ಮಣ್ಣಿನಲ್ಲಿ ಅಳಿಸಿಹೋಗುತ್ತದೆ. ಅಲ್ಯೂಮಿನಿಯಂ ಪಟ್ಟಿಯ ಮೇಲೆ ಮೊಳೆಯಿಂದ ಸಂಖ್ಯೆ ಕೊರೆದು ಗೂಟದ ಮೇಲ್ತುದಿಗೆ ಹೊಡೆಯಿರಿ.

ಹಂತ 1: ಮರ ಎಲ್ಲಿ ನಿಲ್ಲುತ್ತದೆ ಎಂದು ತೀರ್ಮಾನಿಸಿ

ಮಣ್ಣಿಗೆ ತಾಗುವ ಬೇಲಿ ಗೂಟಕ್ಕೂ, ಮಳೆ ಬೀಳದ ಮಾಡಿನ ಪಕಾಸಿಗೂ ಒಂದೇ ಪರೀಕ್ಷೆ ಸಲ್ಲದು. ಬೋರಿಕ್ ಆಸಿಡ್ ಮತ್ತು ಬೊರಾಕ್ಸ್ (ನಮ್ಮ ಅಂಗಡಿಗಳ ಬಿಳಿಗಾರ) ನೀರಿನಲ್ಲಿ ಕರಗಿ ಮರದೊಳಗೆ ಚೆನ್ನಾಗಿ ಹೋಗುತ್ತವೆ. ಆದರೆ ಮರಕ್ಕೆ ಅಂಟಿಕೊಳ್ಳುವುದಿಲ್ಲ. ತೇವದ ಮಣ್ಣಿನಲ್ಲಿ ಹುಗಿದರೆ ಬಂದ ದಾರಿಯಲ್ಲೇ ಹೊರಗೆ ಹೋಗುತ್ತವೆ. ಗೂಟ ಪರೀಕ್ಷೆಯಲ್ಲಿ ಬೋರಿಕ್ ಸೋತಿತೆಂದು ಮನೆಯೊಳಗಿನ ಬಾಗಿಲ ಚೌಕಟ್ಟಿಗೂ ಅದು ಬೇಡ ಎನ್ನುವುದು ತಪ್ಪು.

ಒಳಬಳಕೆಯ ಮರಕ್ಕೆ ನೆಲಕ್ಕೆ ಸಮೀಪದ ಪರೀಕ್ಷೆ ಮಾಡಿ. ಟೊಳ್ಳು ಸಿಮೆಂಟ್ ಇಟ್ಟಿಗೆಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು, ಅವುಗಳ ಮೇಲೆ ಮರದ ತುಂಡುಗಳನ್ನಿಡಿ. ಇಟ್ಟಿಗೆಯ ಟೊಳ್ಳಿನಲ್ಲಿ ಸಾದಾ ಮಾವಿನ ರೀಪುಗಳನ್ನು ಮಣ್ಣಿಗೆ ನೆಟ್ಟು ಅವುಗಳ ತುದಿ ತುಂಡುಗಳ ಮಟ್ಟಕ್ಕೆ ಬರುವಂತೆ ಮಾಡಿ. ಗೆದ್ದಲು ಮೇಲೆ ಹತ್ತುವ ದಾರಿ ಅದು. ಸಾದಾ ತುಂಡು, ಮದ್ದಿನ ತುಂಡು ಎರಡನ್ನೂ ಅದೇ ಇಟ್ಟಿಗೆಯ ಮೇಲೆ ಅಕ್ಕಪಕ್ಕ ಇಟ್ಟು, ಎಲ್ಲವನ್ನೂ ಬುಡವಿಲ್ಲದ ಡಬ್ಬಿಯಿಂದ ಮುಚ್ಚಿ. ಕತ್ತಲೆ, ತೇವ ಉಳಿಯಬೇಕು, ಮಳೆ ತಾಗಬಾರದು. ಮುಂದೆ ಹೇಳುವ ತೂಕ, ಗುಂಪು, ಅಂಕಗಳೆಲ್ಲ ಇದಕ್ಕೂ ಹೊಂದುತ್ತವೆ.

ಇನ್ನೊಂದು ಮಾತು. ಪೀಠೋಪಕರಣದಿಂದ ಗಸಗಸೆಯಂಥ ಒಣ ಕಾಳು ಉದುರುತ್ತಿದ್ದರೆ ಅದು ಒಣಮರದ ಗೆದ್ದಲು. ಮಣ್ಣಿನ ಸಂಪರ್ಕವಿಲ್ಲದೆ ಮರದೊಳಗೇ ಬದುಕುತ್ತದೆ. ಈ ಎರಡು ಪರೀಕ್ಷೆಗಳೂ ಅದಕ್ಕೆ ಅನ್ವಯಿಸುವುದಿಲ್ಲ.

ಹಂತ 2: ಜಾಗ ಆರಿಸಿ, ಮೊದಲು ಜಾಗವನ್ನೇ ಪರೀಕ್ಷಿಸಿ

ಹುತ್ತ ಕಂಡ ಮಾತ್ರಕ್ಕೆ ಆ ಜಾಗ ಸರಿ ಎನ್ನಬೇಡಿ, ಹುತ್ತ ಹಳತಾಗಿ ಖಾಲಿಯಿರಬಹುದು. ಬೂರುಗ ಅಥವಾ ಮಾವಿನ ಸಾದಾ ಕಡ್ಡಿಗಳನ್ನು ಒಂದೊಂದು ಮೀಟರಿಗೆ ಒಂದರಂತೆ ನೆಟ್ಟು ಒಂದೆರಡು ತಿಂಗಳು ಬಿಡಿ. ಬಹುಪಾಲು ಕಡ್ಡಿಗಳಿಗೆ ಗೆದ್ದಲು ಹಿಡಿದರೆ ಮುಂದುವರಿಯಿರಿ. ಒಂದು ಮೂಲೆಯಲ್ಲಿ ಮಾತ್ರ ಹಿಡಿದಿದ್ದರೆ ಆ ಮೂಲೆಗೇ ಪರೀಕ್ಷೆಯನ್ನು ಸರಿಸಿ.

ನೀರು ನಿಲ್ಲುವ ತಗ್ಗು ಬೇಡ. ಅಡಿಕೆ, ಕಾಫಿ, ತರಕಾರಿಗೆ ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕವನ್ನು ಮಣ್ಣಿಗೆ ಸುರಿದ ಜಾಗವೂ ಬೇಡ. ಬಾವಿಯಿಂದ, ದನ ಮೇಯುವಲ್ಲಿಂದ, ಮಕ್ಕಳು ಆಡುವಲ್ಲಿಂದ ದೂರ ಇರಲಿ. ಕಳೆಗೆ ಬೆಂಕಿ ಹಾಕುವ ರೂಢಿಯಿದ್ದರೆ ಸುತ್ತ ಒಂದೂವರೆ ಮೀಟರ್ ಕೆತ್ತಿ ಬೋಳು ಮಾಡಿ.

ಹುಗಿಯಲು ಒಳ್ಳೆಯ ಕಾಲ ಮಳೆ ಇಳಿದು ನೆಲದಲ್ಲಿ ತೇವ ಇನ್ನೂ ಇರುವಾಗ. ಕಡು ಬೇಸಗೆಯಲ್ಲಿ ಗೆದ್ದಲು ಆಳಕ್ಕೆ ಇಳಿದು ಮೇಲಿನ ಮಣ್ಣಿನಲ್ಲಿ ಓಡಾಟ ಕಡಿಮೆ ಮಾಡುತ್ತವೆ. ಆಗ ಶುರುಮಾಡಿದರೆ ಮೊದಲ ತಿಂಗಳುಗಳು ವ್ಯರ್ಥ.

ಹಂತ 3: ಗೂಟ ಸಿದ್ಧಪಡಿಸಿ

ಗೆದ್ದಲಿಗೆ ಸುಲಭವಾಗಿ ಸೋಲುವ ಮರವನ್ನೇ ಆರಿಸಬೇಕು: ಬೂರುಗ, ಮಾವು, ರಬ್ಬರ್, ಸಿಲ್ವರ್ ಓಕ್. ತೇಗ, ಹೊನ್ನೆ, ಬೀಟೆಗಳ ಚೇಗು (ಕಾಂಡದ ಒಳಗಿನ ಬಣ್ಣದ, ಗಟ್ಟಿ ಭಾಗ) ತಾನಾಗಿಯೇ ತಾಳುತ್ತದೆ. ಅದಕ್ಕೆ ಮದ್ದು ಹಾಕಿದರೆ ಗೆದ್ದದ್ದು ಮದ್ದೋ ಮರವೋ ಗೊತ್ತಾಗುವುದಿಲ್ಲ. ಚೇಗಿನೊಳಕ್ಕೆ ಮದ್ದು ಇಳಿಯುವುದೂ ಕಷ್ಟ. ತೇಗದ್ದೇ ಆದರೂ ಹೊರಗಿನ ಬಿಳಿಮರಕ್ಕೆ (ತೊಗಟೆಯ ಒಳಗಿನ ತೆಳುಬಣ್ಣದ ಭಾಗ) ಆ ತಾಳಿಕೆ ಇಲ್ಲ.

ಅಳತೆ 30 × 3.8 × 3.8 ಸೆಂ.ಮೀ. ಎಲ್ಲ ಗೂಟಗಳೂ ಒಂದೇ ಜಾತಿಯವು, ಸಾಧ್ಯವಾದರೆ ಒಂದೇ ದಿಮ್ಮಿಯವು, ಗಂಟು, ಸೀಳು, ಕೊಳೆತ ಇಲ್ಲದವು. ನೆರಳಿನಲ್ಲಿ ಅಡ್ಡಪಟ್ಟಿ ಇಟ್ಟು ಜೋಡಿಸಿ ಒಣಗಿಸಿ. ತೇವ ಶೇ 12ರಿಂದ 15ಕ್ಕೆ ಇಳಿಯಬೇಕು. ಅಳೆಯುವ ಯಂತ್ರ ಇಲ್ಲದಿದ್ದರೆ ವಾರಕ್ಕೊಮ್ಮೆ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಬಳಸಿ.

ಆಮೇಲೆ ಪ್ರತಿ ಗೂಟವನ್ನೂ ತೂಗಿ, ಸರಾಸರಿಗಿಂತ ಶೇ 15 ಹೆಚ್ಚು ಅಥವಾ ಕಡಿಮೆ ಇರುವವನ್ನು ಪಕ್ಕಕ್ಕಿಡಿ. ಹಗುರ ಮರ ಹೆಚ್ಚು ಮದ್ದು ಕುಡಿಯುತ್ತದೆ, ಬೇಗ ತಿನ್ನಿಸಿಕೊಳ್ಳುತ್ತದೆ. ಹಗುರ ಗೂಟಗಳೆಲ್ಲ ಒಂದೇ ಗುಂಪಿಗೆ ಬಿದ್ದರೆ ಫಲಿತಾಂಶ ಸುಳ್ಳಾಗುತ್ತದೆ.

ಇಲ್ಲೊಂದು ದೊಡ್ಡ ಹಳ್ಳವಿದೆ. ಮರ ತನ್ನ ಕೊಯ್ದ ತುದಿಯಿಂದ ಕುಡಿಯುವಷ್ಟು ಮದ್ದನ್ನು ಪಕ್ಕದಿಂದ ಕುಡಿಯುವುದಿಲ್ಲ. 30 ಸೆಂ.ಮೀ. ಗೂಟದಲ್ಲಿ ಎರಡು ತುದಿಗಳ ಪಾಲು ದೊಡ್ಡದು, ಆರಡಿಯ ಬೇಲಿ ಕಂಬದಲ್ಲಿ ಬಹಳ ಸಣ್ಣದು. ಹಾಗಾಗಿ ಚಿಕ್ಕ ಗೂಟ ಚೆನ್ನಾಗಿ ತಾಳಿತೆಂದು ಕಂಬವೂ ತಾಳುತ್ತದೆ ಎನ್ನಲಾಗದು. ಕಂಬದ ಸ್ಥಿತಿಗೆ ಹತ್ತಿರವಾಗಬೇಕಾದರೆ ಮದ್ದು ಕೊಡುವ ಮೊದಲು ಎರಡೂ ತುದಿಗಳಿಗೆ ಎಪಾಕ್ಸಿ ಬಳಿದು ಒಣಗಿಸಿ. ಮತ್ತು ಮದ್ದು ಕೊಟ್ಟ ಮೇಲೆ ಗೂಟವನ್ನು ಕೊಯ್ಯಬೇಡಿ, ಚೂಪು ಮಾಡಬೇಡಿ, ಕೀಸಬೇಡಿ. ಕೊಯ್ದ ಜಾಗದಲ್ಲಿ ಸಾದಾ ಮರ ಬಾಯಿ ತೆರೆಯುತ್ತದೆ, ಗೆದ್ದಲು ಅಲ್ಲಿಂದಲೇ ಒಳಹೋಗುತ್ತದೆ. ಬೇಲಿ ಗೂಟಗಳು ಬೇಗ ಸೋಲುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು: ಮದ್ದು ಹಾಕಿಸಿ ತಂದವರು ಹುಗಿಯುವಾಗ ಬುಡವನ್ನು ಕತ್ತಿಯಲ್ಲಿ ಚೂಪು ಮಾಡುತ್ತಾರೆ.

ಹಂತ 4: ಗುಂಪುಗಳನ್ನು ಮಾಡಿ

ಕನಿಷ್ಠ ಇಷ್ಟು ಗುಂಪುಗಳು ಬೇಕು:

1. ಸಾದಾ ಗೂಟ, ಏನೂ ಹಾಕದ್ದು.
2. ದ್ರಾವಕದ ಗೂಟ. ಮದ್ದು ನೀರಿನದಾದರೆ ನೀರಿನಲ್ಲಿ, ಸೀಮೆಎಣ್ಣೆಯದಾದರೆ ಬರೀ ಸೀಮೆಎಣ್ಣೆಯಲ್ಲಿ ಅದ್ದಿದ್ದು. ಸೀಮೆಎಣ್ಣೆಯ ವಾಸನೆ ಇರುವವರೆಗೆ ಗೆದ್ದಲು ದೂರ ಇರಬಹುದು, ಅದನ್ನು ಮದ್ದಿನ ಗುಣ ಎಂದು ತಿಳಿಯದಿರಲು ಈ ಗುಂಪು.
3. ನೀವು ಪರೀಕ್ಷಿಸುವ ಮದ್ದು, ಮೂರು ಶಕ್ತಿಗಳಲ್ಲಿ. ಉದಾಹರಣೆಗೆ ಶೇ 1.25, 2.5, 5.
4. ತಾಳಿಕೆ ಗೊತ್ತಿರುವ ಮದ್ದಿನ ಗೂಟ.

ಮೂರು ಶಕ್ತಿ ಯಾಕೆ? ಶೇ 5ರದ್ದು ಮಾತ್ರ ಹುಗಿದು ಅದು ಗೆದ್ದರೆ, ಅರ್ಧ ಖರ್ಚಿನಲ್ಲಿ ಆಗುತ್ತಿತ್ತೇ ಎಂಬುದು ತಿಳಿಯುವುದಿಲ್ಲ. ಸೋತರೆ ಎಷ್ಟರಿಂದ ಸೋತಿತು ಎಂಬುದೂ ತಿಳಿಯುವುದಿಲ್ಲ.

ನಾಲ್ಕನೆಯದಕ್ಕೆ ನಮ್ಮಲ್ಲಿ ಸುಲಭವಾಗಿ ಸಿಗುವುದು ಸಿಸಿಎ, ಅಂದರೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳ ಮಿಶ್ರಣ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ 1933ರಲ್ಲಿ ಸೊಂಟಿ ಕಾಮೇಶಂ ರೂಪಿಸಿದ 'ಆಸ್ಕು' ಇದರ ಮೂಲ. ಇದು ಮರದ ನಾರಿಗೆ ಅಂಟಿಕೊಂಡು ಮಳೆಗೆ ಸುಲಭದಲ್ಲಿ ತೊಳೆಯುವುದಿಲ್ಲ. ಆದರೆ ಇದನ್ನು ಮನೆಯಲ್ಲಿ ಕಲಸಲೇಬೇಡಿ. ಆರ್ಸೆನಿಕ್ ಮತ್ತು ಆರು ವೇಲೆನ್ಸಿಯ ಕ್ರೋಮಿಯಂ ಎರಡೂ ಕ್ಯಾನ್ಸರಿಗೆ ಕಾರಣ. ಅಮೆರಿಕದಲ್ಲಿ 2003ರ ಕೊನೆಗೆ ವಾಸದ ಮನೆಗಳ ಬಳಕೆಯಿಂದ ಇದನ್ನು ಹಿಂತೆಗೆದರು. ನಿಮ್ಮ ಗೂಟಗಳನ್ನು ಒತ್ತಡದ ಸಿಲಿಂಡರ್ ಇರುವ ಘಟಕಕ್ಕೆ ಕೊಟ್ಟು ಮಾಡಿಸಿಕೊಂಡು, ಒದ್ದೆಯಿದ್ದಾಗ ಮುಟ್ಟದೆ ಕೆಲವು ವಾರ ಬಿಟ್ಟು ತನ್ನಿ.

ಪ್ರತಿ ಗುಂಪಿಗೆ 12 ಗೂಟ. 10 ಹುಗಿಯಲು, 2 ಕೊಯ್ದು ನೋಡಲು. ಮೇಲಿನ ಪಟ್ಟಿಯಂತೆ ಆರು ಗುಂಪು, ಒಟ್ಟು 72 ಗೂಟ.

ಕಾರಿನ ಹಳೆ ಆಯಿಲ್ ಪರೀಕ್ಷಿಸಬಹುದೇ ಎಂದು ಕೇಳುವವರಿದ್ದಾರೆ. ಬೇಡ. ಅದರಲ್ಲಿ ಲೋಹದ ಕಣಗಳೂ ಸುಟ್ಟ ಎಣ್ಣೆಯ ವಿಷಗಳೂ ಇರುತ್ತವೆ, ಮಣ್ಣಿಗೆ ಇಳಿದದ್ದು ಹಿಂದಕ್ಕೆ ಬರುವುದಿಲ್ಲ. ಗೇರು ಎಣ್ಣೆ (ಗೋಡಂಬಿ ಸಿಪ್ಪೆಯಿಂದ ತೆಗೆದದ್ದು), ಬೇವಿನ ಎಣ್ಣೆ, ಹೊಂಗೆ ಎಣ್ಣೆಗಳನ್ನು ಪರೀಕ್ಷಿಸುವುದು ಒಳ್ಳೆಯದೇ. ಗೇರು ಎಣ್ಣೆ ಚರ್ಮ ಸುಡುತ್ತದೆ, ಕೈಗವಸು ಮರೆಯಬೇಡಿ.

ಹಂತ 5: ಮದ್ದು ಕೊಡಿ, ತೂಗಿ, ಲೆಕ್ಕ ಹಾಕಿ

ಉದಾಹರಣೆಗೆ ಬೋರಿಕ್-ಬೊರಾಕ್ಸ್. ಎರಡನ್ನೂ 1 : 1.54 ತೂಕದಲ್ಲಿ ಬೆರೆಸಿದರೆ ಒಂದೊಂದೇ ಇದ್ದಾಗಿಗಿಂತ ನೀರಿನಲ್ಲಿ ಬಹಳ ಹೆಚ್ಚು ಕರಗುತ್ತವೆ. ಶೇ 5ರ 10 ಕೆ.ಜಿ. ದ್ರಾವಣಕ್ಕೆ 197 ಗ್ರಾಂ ಬೋರಿಕ್ ಆಸಿಡ್, 303 ಗ್ರಾಂ ಬೊರಾಕ್ಸ್, 9.5 ಲೀಟರ್ ಬೆಚ್ಚಗಿನ ನೀರು. ತಳದಲ್ಲಿ ಹರಳು ಉಳಿಯದಂತೆ ಕಲಕಿ. ಶೇ 2.5ಕ್ಕೆ ಇದನ್ನೇ ಸಮಪಾಲು ನೀರಿನೊಂದಿಗೆ ಬೆರೆಸಿ.

ಕೆಲವು ಡಬ್ಬಿಗಳ ಮೇಲೆ 'ಬೋರಿಕ್ ಆಸಿಡ್ ಸಮಾನ' ಎಂದು ಶೇಕಡಾವಾರು ಬರೆದಿರುತ್ತಾರೆ. ಬೊರಾಕ್ಸ್‌ನಲ್ಲಿ ಹರಳಿನ ನೀರು ಸೇರಿಕೊಂಡಿರುವುದರಿಂದ ಮೇಲಿನ ಶೇ 5ರ ದ್ರಾವಣ ಆ ಲೆಕ್ಕದಲ್ಲಿ ಶೇ 3.9 ಮಾತ್ರ. ಎರಡು ಮದ್ದುಗಳನ್ನು ಹೋಲಿಸುವಾಗ ಯಾವ ಲೆಕ್ಕದ ಶೇಕಡಾ ಎಂದು ಮೊದಲು ನೋಡಿ.

ಗೂಟ ತೂಗಿ ಬರೆದುಕೊಳ್ಳಿ. ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿ. ಒಣಮರ ತೇಲುತ್ತದೆ, ಆದ್ದರಿಂದ ಮೇಲೆ ಜಾಲರಿ ಇಟ್ಟು ಕಲ್ಲು ಹೇರಬೇಕು. ಒಂದಕ್ಕೊಂದು ಅಂಟಿ ಕೂತರೆ ನಡುವಿನ ಮುಖಕ್ಕೆ ಮದ್ದು ತಾಗುವುದಿಲ್ಲ, ಸಣ್ಣ ಕಡ್ಡಿ ಅಡ್ಡ ಇಡಿ. 24 ಗಂಟೆಯ ನಂತರ ತೆಗೆದು, ಹನಿ ಬೀಳುವುದು ನಿಂತ ಮೇಲೆ ಬಟ್ಟೆಯಲ್ಲಿ ಒರೆಸಿ ತಕ್ಷಣ ತೂಗಿ. ಎರಡು ತೂಕಗಳ ವ್ಯತ್ಯಾಸವೇ ಮರ ಕುಡಿದ ದ್ರಾವಣ.

ಇನ್ನು ಹಿಡಿತದ ಲೆಕ್ಕ. ಹಿಡಿತ ಎಂದರೆ ಒಂದು ಘನ ಮೀಟರ್ ಮರದಲ್ಲಿ ಕೂತ ಒಣಮದ್ದಿನ ಕೆ.ಜಿ.

ಹಿಡಿತ = ಕುಡಿದ ದ್ರಾವಣ (ಗ್ರಾಂ) × ದ್ರಾವಣದ ಶೇಕಡಾ × 10 ÷ ಗೂಟದ ಗಾತ್ರ (ಘನ ಸೆಂ.ಮೀ.)

ನಮ್ಮ ಗೂಟದ ಗಾತ್ರ 433 ಘನ ಸೆಂ.ಮೀ. ಶೇ 5ರ ದ್ರಾವಣ 130 ಗ್ರಾಂ ಕುಡಿದಿದ್ದರೆ 130 × 5 × 10 ÷ 433 = 15 ಕೆ.ಜಿ. ಅದೇ ದ್ರಾವಣ 25 ಗ್ರಾಂ ಮಾತ್ರ ಕುಡಿದಿದ್ದರೆ 2.9 ಕೆ.ಜಿ. ಒಂದೇ ತೊಟ್ಟಿ, ಒಂದೇ ಮದ್ದು, ಐದು ಪಟ್ಟು ಅಂತರ. ಅಮೆರಿಕದ ಮಾನದಂಡದಲ್ಲಿ ಮಣ್ಣಿಗೆ ತಾಗುವ ಸಾಮಾನ್ಯ ಬಳಕೆಯ ಮರಕ್ಕೆ ಸಿಸಿಎ 6.4 ಕೆ.ಜಿ. ಕೂರಬೇಕು ಎಂದಿದೆ. ಯಾರಾದರೂ "ಶೇ 5ರ ಮದ್ದು ಹೊಡೆದಿದ್ದೇವೆ" ಎಂದರೆ ಅದರಿಂದ ಏನೂ ತಿಳಿಯದು. ಘನ ಮೀಟರಿಗೆ ಎಷ್ಟು ಕೆ.ಜಿ. ಎಂದು ಕೇಳಿ. ಬ್ರಷ್‌ನಲ್ಲಿ ಬಳಿದ ಮದ್ದು ಸಾಮಾನ್ಯವಾಗಿ ಒಂದೆರಡು ಮಿ.ಮೀ. ಆಚೆ ಹೋಗುವುದಿಲ್ಲ, ಒಣಗಿ ಮರ ಸೀಳಿದ ದಿನ ಆ ಕವಚ ಒಡೆಯುತ್ತದೆ.

ಹಂತ 6: ಎರಡು ಗೂಟ ಕೊಯ್ದು ಒಳಗೆ ನೋಡಿ

ಮೀಸಲಿಟ್ಟ ಎರಡು ಗೂಟಗಳನ್ನು ಚೆನ್ನಾಗಿ ಒಣಗಿಸಿ ನಡುಮಧ್ಯೆ ಅಡ್ಡ ಕೊಯ್ಯಿರಿ. ತಾಮ್ರದ ಮದ್ದಾದರೆ ಹಸಿರು ಛಾಯೆಯ ಅಂಚು ಕಾಣುತ್ತದೆ. ಡಾಂಬರಿನಂಥ ಕಪ್ಪೆಣ್ಣೆಯೂ ಕಣ್ಣಿಗೆ ಬೀಳುತ್ತದೆ. ಬೋರಾನ್‌ಗೆ (ಬೋರಿಕ್, ಬೊರಾಕ್ಸ್ ಎರಡರಲ್ಲೂ ಇರುವ ಮೂಲವಸ್ತು) ಬಣ್ಣವಿಲ್ಲ, ಅದನ್ನು ಅರಿಶಿನ ತೋರಿಸುತ್ತದೆ. ಆದರೆ ಇಲ್ಲಿ ಎಚ್ಚರ ಬೇಕು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕುಂಕುಮದ ಕೆಂಪು ಬರುತ್ತದೆಯಲ್ಲ, ಅದು ಕ್ಷಾರದ ಗುಣ. ಬೊರಾಕ್ಸ್ ಕೂಡ ಕ್ಷಾರ. ಬರೀ ಅರಿಶಿನದ ನೀರು ಹಚ್ಚಿ ಕೆಂಪಾಯಿತು ಎಂದರೆ ಅದು ಬೋರಾನ್ ಎಂದು ಸಾಬೀತಾಗುವುದಿಲ್ಲ. ಆಮ್ಲ ಇದ್ದಾಗಲೂ ಉಳಿಯುವ ಕೆಂಪೇ ಬೋರಾನಿನ ಗುರುತು.

ಹತ್ತಿರದ ಕಾಲೇಜಿನ ರಸಾಯನ ಪ್ರಯೋಗಾಲಯದಲ್ಲಿ ಎರಡು ದ್ರಾವಣ ಮಾಡಿಸಿಕೊಳ್ಳಿ. ಮೊದಲನೆಯದು ಅರಿಶಿನವನ್ನು ಆಲ್ಕೊಹಾಲಿನಲ್ಲಿ ನೆನೆಸಿ ಸೋಸಿದ್ದು. ಎರಡನೆಯದು 20 ಮಿ.ಲೀ. ಗಾಢ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಆಲ್ಕೊಹಾಲ್ ಸೇರಿಸಿ 100 ಮಿ.ಲೀ. ಮಾಡಿ, ಕರಗುವಷ್ಟು (ಸುಮಾರು 13 ಗ್ರಾಂ) ಸ್ಯಾಲಿಸಿಲಿಕ್ ಆಮ್ಲ ಹಾಕಿದ್ದು. ಕೊಯ್ದ ಮುಖಕ್ಕೆ ಮೊದಲನೆಯದನ್ನು ಹಚ್ಚಿ ಒಣಗಲು ಬಿಡಿ, ಮುಖ ಪೂರ್ತಿ ಹಳದಿಯಾಗುತ್ತದೆ. ಆಮೇಲೆ ಎರಡನೆಯದನ್ನು ಹಚ್ಚಿ. ಕೆಲವೇ ನಿಮಿಷಗಳಲ್ಲಿ ಬೋರಾನ್ ಇರುವಲ್ಲಿ ಕೆಂಪು ಏಳುತ್ತದೆ, ಇಲ್ಲದಲ್ಲಿ ಹಳದಿ ಹಾಗೆಯೇ ನಿಲ್ಲುತ್ತದೆ. ನಾಲ್ಕೂ ಅಂಚಿನಲ್ಲಿ ಕೆಂಪು ಪಟ್ಟಿ, ನಡುವೆ ಬೆರಳಗಲದ ಹಳದಿ ಚೌಕ ಕಂಡರೆ ಗೆದ್ದಲಿಗೆ ಆ ಚೌಕದಲ್ಲಿ ಊಟ ಕಾದಿದೆ ಎಂದರ್ಥ. ಕೆಂಪಿನ ಅಗಲವನ್ನು ನಾಲ್ಕೂ ಬದಿಯಲ್ಲಿ ಮಿ.ಮೀ.ನಲ್ಲಿ ಅಳೆದು ಅತಿ ಕಡಿಮೆಯದನ್ನು ಬರೆದಿಡಿ. ಸರಾಸರಿ ಬೇಡ, ಗೆದ್ದಲು ಒಳಹೋಗುವುದು ಅತಿ ತೆಳುವಾದ ಜಾಗದಿಂದ.

ಹಂತ 7: ನೀರಿನಲ್ಲಿ ತೊಳೆದು ನೋಡಿ

ಹೊರಗೆ ಬಳಸುವ ಮದ್ದಾದರೆ ಈ ಹಂತ ಬಿಡಬೇಡಿ. ಮದ್ದು ಕೊಟ್ಟು ಒಣಗಿಸಿದ ಇನ್ನೊಂದು ಗುಂಪನ್ನು ಶುದ್ಧ ನೀರಿನಲ್ಲಿ 14 ದಿನ ಮುಳುಗಿಸಿಡಿ. ನೀರನ್ನು 6, 24, 48 ಗಂಟೆಗೆ, ಆಮೇಲೆ ಎರಡು ದಿನಕ್ಕೊಮ್ಮೆ ಬದಲಿಸಿ. ನಂತರ ಒಣಗಿಸಿ ಉಳಿದವುಗಳ ಜೊತೆಗೇ ಹುಗಿಯಿರಿ. ತೊಳೆದದ್ದು ಬೇಗ ಸೋತು ತೊಳೆಯದ್ದು ನಿಂತರೆ ಮದ್ದಿನಲ್ಲಿ ವಿಷವಿದೆ, ಮರಕ್ಕೆ ಅಂಟಿಕೊಳ್ಳುವ ಗುಣ ಇಲ್ಲ. ಮಾಡಿನೊಳಗೆ ಸರಿ, ಬೇಲಿಗೆ ಬೇಡ. ಕರಾವಳಿ, ಮಲೆನಾಡಿನವರಿಗೆ ಈ ವ್ಯತ್ಯಾಸ ತುಂಬ ಮುಖ್ಯ. ತೊಳೆದ ನೀರನ್ನು ಚರಂಡಿಗೋ ಗಿಡದ ಬುಡಕ್ಕೋ ಸುರಿಯದೆ ಮುಂದಿನ ದ್ರಾವಣ ಕಲಸಲು ಬಳಸಿ. ಅತಿಯಾದ ಬೋರಾನ್ ಗಿಡಗಳನ್ನು ಕೊಲ್ಲುತ್ತದೆ.

ಹಂತ 8: ಹುಗಿಯಿರಿ

ಮದ್ದು ಕೊಟ್ಟ ಗೂಟ ಮೂರು ನಾಲ್ಕು ವಾರ ನೆರಳಿನಲ್ಲಿ ಒಣಗಿರಬೇಕು. ಗೂಟದಿಂದ ಗೂಟಕ್ಕೆ, ಸಾಲಿನಿಂದ ಸಾಲಿಗೆ 60 ಸೆಂ.ಮೀ. ಆರು ಗುಂಪು, ಹತ್ತು ಸಾಲು ಎಂದಾದರೆ ಸುತ್ತ ಅಂಚು ಸೇರಿ 4.2 × 6.6 ಮೀಟರ್ ಜಾಗ ಸಾಕು. ತೊಳೆದ ಗುಂಪೂ ಸೇರಿದರೆ ಅಗಲ ಇನ್ನೂ 60 ಸೆಂ.ಮೀ. ಹೆಚ್ಚಿಸಿ.

ಪ್ರತಿ ಸಾಲಿನಲ್ಲೂ ಪ್ರತಿ ಗುಂಪಿನ ಒಂದೊಂದು ಗೂಟ ಇರಲೇಬೇಕು. ಸಾಲಿನೊಳಗೆ ಯಾವುದು ಎಲ್ಲಿ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಒಂದು ಮದ್ದಿನ ಗೂಟಗಳನ್ನೆಲ್ಲ ಒಂದೇ ಕಡೆ ನೆಟ್ಟರೆ, ಗೆದ್ದಲು ಕಡಿಮೆ ಇರುವ ಮೂಲೆಗೆ ಬಿದ್ದ ಮದ್ದು ತಾನೇ ಗೆದ್ದಂತೆ ಕಾಣುತ್ತದೆ.

ಹಾರೆಯಿಂದ ಕುಳಿ ಮಾಡಿ 15 ಸೆಂ.ಮೀ. ಹುಗಿಯಿರಿ. ಸುತ್ತಿಗೆಯಿಂದ ಹೊಡೆದು ಇಳಿಸಬೇಡಿ, ತುದಿ ಸೀಳುತ್ತದೆ, ಮೈ ತರಚುತ್ತದೆ. ಸುತ್ತ ಮಣ್ಣು ತುಂಬಿ ತುಳಿದು ಗಾಳಿ ಇಲ್ಲದಂತೆ ಮಾಡಿ. ನಕ್ಷೆಯನ್ನು ಎರಡು ಕಡೆ ಬರೆದಿಡಿ.

ಹಂತ 9: ತೆಗೆದು ನೋಡಿ, ಅಂಕ ಕೊಡಿ

ಮೊದಲ ನೋಟ ಮೂರು ತಿಂಗಳಿಗೆ, ಆಮೇಲೆ ಆರು ತಿಂಗಳಿಗೊಮ್ಮೆ. ಕುತೂಹಲಕ್ಕೆ ವಾರವಾರ ಕೀಳಬೇಡಿ. ಕದಡಿದ ಜಾಗ ಬಿಟ್ಟು ಗೆದ್ದಲು ಬೇರೆ ಕಡೆ ಹೋಗುತ್ತದೆ, ಗೂಟ ಸುಮ್ಮನೆ ಉಳಿದುಕೊಳ್ಳುತ್ತದೆ.

ಗೂಟವನ್ನು ನೇರ ಮೇಲಕ್ಕೆ ಎತ್ತಿ, ಮಣ್ಣು ತಟ್ಟಿ, ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ. ಮಣ್ಣಿನ ಹೊದಿಕೆ ಕಂಡ ಕೂಡಲೇ ಅಂಕ ಕಳೆಯಬೇಡಿ. ಓಡಂಟೋಟರ್ಮಿಸ್ ಗೆದ್ದಲು ಮದ್ದಿನ ಗೂಟದ ಮೇಲೂ ಮಣ್ಣು ಮೆತ್ತಿ ಹತ್ತಿ, ತಿನ್ನದೆ ಇಳಿದು ಹೋಗುವುದುಂಟು. ಹೊದಿಕೆಯ ಅಡಿಯಲ್ಲಿ ಮರ ಕರಗಿದೆಯೇ ಎಂಬುದೇ ಲೆಕ್ಕ. ಸ್ಕ್ರೂಡ್ರೈವರ್ ತುದಿಯಿಂದ ನಾಲ್ಕೂ ಮುಖ, ಅದರಲ್ಲೂ ಮಣ್ಣಿನ ಮಟ್ಟದಲ್ಲಿ ಮತ್ತು ಕೆಳತುದಿಯಲ್ಲಿ, ಮೆಲ್ಲನೆ ಒತ್ತಿ ನೋಡಿ. ಒಳಗೆ ಟೊಳ್ಳಾಗಿದ್ದರೆ ಬೆರಳಿಗೆ ತಿಳಿಯುತ್ತದೆ. ಬಲವಾಗಿ ಚುಚ್ಚಬೇಡಿ, ನೀವು ಮಾಡಿದ ತೂತೇ ಗೆದ್ದಲಿಗೆ ಬಾಗಿಲಾಗುತ್ತದೆ.

ಅಂಕದ ಪಟ್ಟಿ ಹೀಗಿರಲಿ:

10: ಏನೂ ಆಗಿಲ್ಲ.
9.5: ಮೇಲ್ಮೈಯಲ್ಲಿ ಕೆರೆದ ಗುರುತು ಮಾತ್ರ.
9: ಅಡ್ಡಕೊಯ್ತದ ಶೇ 3ರವರೆಗೆ ತಿಂದಿದೆ.
8: ಶೇ 3ರಿಂದ 10.
7: ಶೇ 10ರಿಂದ 30.
6: ಶೇ 30ರಿಂದ 50.
4: ಶೇ 50ರಿಂದ 75.
0: ಮುರಿದಿದೆ, ಅಥವಾ ಇಲ್ಲವೇ ಇಲ್ಲ.

ಕೊಳೆತಕ್ಕೆ ಇದೇ ರೀತಿ ಬೇರೆ ಅಂಕ ಕೊಡಿ. ಗೆದ್ದಲು ತಿಂದಲ್ಲಿ ಅಂಚು ಚೊಕ್ಕ, ದಾರಿಗಳಲ್ಲಿ ಮಣ್ಣು ಇರುತ್ತದೆ. ಶಿಲೀಂಧ್ರ ಕೊಳೆಸಿದ್ದು ಚೌಕ ಚೌಕವಾಗಿ ಬಿರಿದ ಕಂದು ಪುಡಿಯಾಗಿ ಅಥವಾ ಬಿಳಿಚಿಕೊಂಡ ನಾರಾಗಿ ಕಾಣುತ್ತದೆ. ಎರಡನ್ನೂ ಬೆರೆಸಿದರೆ ಗೆದ್ದಲು ತಡೆದು ಕೊಳೆತಕ್ಕೆ ಸೋತ ಮದ್ದನ್ನು ತಪ್ಪಾಗಿ ದೂರುತ್ತೀರಿ. ಬರೀ ಕೀಟನಾಶಕದಿಂದ ಮಾಡಿದ ಮರಮದ್ದುಗಳಲ್ಲಿ ಹೀಗಾಗುವುದು ಹೆಚ್ಚು.

ಅಂಕ ಕೊಡುವವರಿಗೆ ಯಾವುದು ಯಾವ ಮದ್ದಿನ ಗೂಟ ಎಂದು ಗೊತ್ತಿಲ್ಲದಿದ್ದರೆ ಒಳ್ಳೆಯದು. ಸಂಖ್ಯೆ ಮಾತ್ರ ಓದಿ ಹೇಳಲಿ, ಬರೆಯುವವರು ಬೇರೆಯವರಿರಲಿ. ಮುಗಿದ ಮೇಲೆ ಗೂಟವನ್ನು ಅದೇ ಕುಳಿಗೆ, ಅದೇ ಮುಖ ಅದೇ ದಿಕ್ಕಿಗೆ ಬರುವಂತೆ ಇಳಿಸಿ.

ಹಂತ 10: ಫಲಿತಾಂಶ ಓದುವುದು

ಎಲ್ಲಕ್ಕಿಂತ ಮೊದಲು ಸಾದಾ ಗೂಟಗಳನ್ನು ನೋಡಿ. ವರ್ಷವಾದರೂ ಅವು ಸೋಲದಿದ್ದರೆ ಮದ್ದಿನ ಗೂಟಗಳ ಅಂಕಕ್ಕೆ ಬೆಲೆಯಿಲ್ಲ. ಜಾಗ ಬದಲಿಸಿ ಹೊಸದಾಗಿ ಹುಗಿಯಬೇಕು. ಯಾವ ಸಾಲಿನಲ್ಲಿ ಸಾದಾ ಗೂಟ ಉಳಿದಿದೆಯೋ ಆ ಸಾಲಿನ ಮದ್ದಿನ ಗೂಟಗಳ ಮೇಲೂ ಅನುಮಾನ ಇಡಿ.

ಸರಾಸರಿಯೊಂದನ್ನೇ ನೋಡಿ ತೀರ್ಮಾನಿಸಬೇಡಿ. ಹತ್ತು ಗೂಟಗಳಿಗೂ 7 ಬಂದರೆ ಸರಾಸರಿ 7. ಏಳಕ್ಕೆ 10, ಮೂರಕ್ಕೆ 0 ಬಂದರೂ ಸರಾಸರಿ 7. ಮೊದಲನೆಯದರಲ್ಲಿ ಮದ್ದಿನ ಪ್ರಮಾಣ ಸಾಲದು, ಶಕ್ತಿ ಹೆಚ್ಚಿಸಬೇಕು. ಎರಡನೆಯದರಲ್ಲಿ ಮದ್ದು ಗಟ್ಟಿ, ಕೊಟ್ಟ ರೀತಿ ಕೆಟ್ಟದ್ದು. ಸೋತ ಮೂರರ ಹಿಡಿತದ ಅಂಕಿಯನ್ನು ಪುಸ್ತಕದಲ್ಲಿ ಹುಡುಕಿ. ಸಾಮಾನ್ಯವಾಗಿ ಅವು ಕಡಿಮೆ ಕುಡಿದವೇ ಆಗಿರುತ್ತವೆ. ಪ್ರತಿ ಗೂಟವನ್ನೂ ಬೇರೆ ಬೇರೆ ತೂಗಲು ಹೇಳಿದ್ದು ಇದಕ್ಕೇ.

ಅವಧಿಯ ಬಗ್ಗೆ ಆತುರ ಬೇಡ. ಆರು ತಿಂಗಳಲ್ಲಿ ಸೋತ ಮದ್ದನ್ನು ಬಿಡಬಹುದು. ಆರು ತಿಂಗಳು ನಿಂತದ್ದನ್ನು ನಂಬಲು ಇನ್ನೂ ಕಾಲವಿದೆ. ಯುರೋಪಿನ ಇಎನ್ 252 ಮಾನಕ ಇಂಥ ಪರೀಕ್ಷೆಗೆ ಕನಿಷ್ಠ ಐದು ವರ್ಷ ಕೇಳುತ್ತದೆ. ನಮ್ಮಲ್ಲಿ ಮದ್ದಿಲ್ಲದ ಮರಗಳನ್ನು ವರ್ಗೀಕರಿಸುವಾಗಲೂ ಸರಾಸರಿ 120 ತಿಂಗಳು ತಾಳಿದರೆ ಮೊದಲ ದರ್ಜೆ, 60ರಿಂದ 120 ಎರಡನೆಯದು, 60ಕ್ಕಿಂತ ಕಡಿಮೆ ಮೂರನೆಯದು. ನಿಮ್ಮ ಬೇಲಿಗೆ ಹತ್ತು ವರ್ಷ ಬೇಕಿದ್ದರೆ ಎರಡು ಮಳೆಗಾಲದ ಫಲಿತಾಂಶ ನಂಬಿ ಪೂರ್ತಿ ತೋಟಕ್ಕೆ ಹಣ ಹಾಕಬೇಡಿ. ಒಂದು ಬದಿಯ ಬೇಲಿಯಿಂದ ಶುರುಮಾಡಿ, ಪರೀಕ್ಷೆಯನ್ನು ಮುಂದುವರಿಸಿ.

ಹಂತ 11: ಮುಗಿದ ಗೂಟಗಳನ್ನು ಏನು ಮಾಡುವುದು

ಒಲೆಗೆ, ಬಚ್ಚಲಿಗೆ, ಗದ್ದೆಯ ಬೆಂಕಿಗೆ ಹಾಕಬೇಡಿ. ಸಿಸಿಎ ಗೂಟ ಸುಟ್ಟರೆ ಹೊಗೆಯಲ್ಲಿ ಆರ್ಸೆನಿಕ್ ಏಳುತ್ತದೆ, ಬೂದಿಯಲ್ಲಿ ಇನ್ನೂ ಹೆಚ್ಚು ಉಳಿಯುತ್ತದೆ. ಆ ಬೂದಿ ಗೊಬ್ಬರದ ಗುಂಡಿಗೆ ಹೋದರೆ ತರಕಾರಿಯ ಮಣ್ಣಿಗೆ ಬರುತ್ತದೆ. ಕೊಯ್ದಾಗ ಬಿದ್ದ ಹುಡಿಯನ್ನೂ ದನದ ಹಾಸಿಗೆಗೆ ಹಾಕಬೇಡಿ. ಗಟ್ಟಿಯಿರುವ ಗೂಟಗಳನ್ನು ಬೇಲಿಯಲ್ಲೇ ಸಣ್ಣ ಆಸರೆಗೆ ಬಳಸಿ. ಮುರಿದವನ್ನು ಗೋಣಿಯಲ್ಲಿ ಕಟ್ಟಿ ಗುರುತು ಬರೆದು, ಮದ್ದು ಕೊಟ್ಟ ಘಟಕದವರು ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ. ಇಲ್ಲವಾದರೆ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಮಾಡುವವರಿಗೇ ಕೊಡಬೇಕು. ಗೂಟ ಮದ್ದಿಗೆ ಕೊಡುವ ಮೊದಲೇ ಘಟಕದವರಲ್ಲಿ ಈ ಮಾತು ಆಡಿಕೊಂಡಿರಿ.